ಲೋವಾ ಅಳಿವೆಯವರೆಗೆ

ಹತ್ತೂವರೆಗೆ ಗಾಳಿ ಒಪ್ಪಿತು.
ಅಲ್ಲಿಯತನಕ ನಾನು, ತಮ್ಮ ನೊಲ್ಬೆರ್ತೊ,
ಬಂಡೆಯ ನೆತ್ತಿಯಲ್ಲಿ ಉಪ್ಪುಧೂಳಿನ ಮೇಲೆ ಕೂತು
ತಣ್ಣಗಾದ ರೊಟ್ಟಿ ಮುರಿಯುತ್ತ
ಕೋಲಿಗೆ ಕಟ್ಟಿದ ಕೆಂಪು ದಾರ
ಯಾವಾಗ ತಲೆಯೆತ್ತೀತೆಂದು ಕಾದೆವು.
ಕೆಳಗೆ ಇಕೀಕೆ ಊರು, ಅದರ ಬೆನ್ನಿಗೊಂದು ಮರಳದಿಬ್ಬ,
ಆಚೆ ಪೆಸಿಫಿಕ್,
ಈಗಷ್ಟೇ ಇಸ್ತ್ರಿ ಹಾಕಿದ ಹಾಗೆ.

ಓಡಬೇಕು. ಇಷ್ಟೇ ವಿದ್ಯೆ.
ಮೂವತ್ತೈದು ಕಿಲೋ ಬಟ್ಟೆ, ಕೊಳವೆ, ತಂತಿ ಹೆಗಲಿಗೇರಿಸಿ
ನೆಲ ಮುಗಿಯುವಲ್ಲಿ ನಿಲ್ಲದೆ ಓಡಬೇಕು.
ಮೂರು ಹೆಜ್ಜೆ ನನ್ನವು.
ನಾಲ್ಕನೆಯದು ಯಾರದೋ.
ಹೊತ್ತುಕೊಂಡಿದ್ದೆನಲ್ಲ, ಅದೇ ಈಗ
ನನ್ನನ್ನು ಹೊತ್ತಿತ್ತು.

ದಕ್ಷಿಣಕ್ಕೆ ತಿರುಗಿದೆ.
ಎಡಕ್ಕೆ ಎಂಟುನೂರು ಮೀಟರಿನ ಒಣಗೋಡೆ,
ಹುಲ್ಲಿಲ್ಲ, ಹಸಿರೆಂಬ ಸುಳ್ಳೂ ಇಲ್ಲ.
ಬಲಕ್ಕೆ ನೀರು, ಕಣ್ಣು ಸೋಲುವವರೆಗೆ.
ಕಡಲಗಾಳಿ ಗೋಡೆಗೆ ಹಣೆ ಚಚ್ಚಿಕೊಂಡು
ಬೇರೆ ದಾರಿ ಕಾಣದೆ ಮೇಲೇಳುತ್ತದಲ್ಲ,
ಆ ದಾರಿಗೆಟ್ಟ ಗಾಳಿಯ ಮೇಲೆ ಬೋರಲು ಮಲಗಿ
ಹಗಲು ಕಳೆದೆ.
ಎದೆಯ ಬಳಿಯ ಯಂತ್ರ
ಏರಿದರೆ ಹಕ್ಕಿಮರಿ, ಇಳಿದರೆ ಮುದಿಬೆಕ್ಕು.
ಕೆಂಪು ಬೋಳುತಲೆಯ ರಣಹದ್ದೊಂದು ಪಕ್ಕಕ್ಕೆ ಬಂದು
ದರ್ಜಿಯಂತೆ ನನ್ನ ರೆಕ್ಕೆಯ ಹೊಲಿಗೆ ನೋಡಿ
ಏನೂ ಹೇಳದೆ ಹೋಯಿತು.

ಕೆಳಗೆ ರಸ್ತೆ. ರಸ್ತೆಯಲ್ಲಿ ನೀಲಿ ಟ್ರಕ್ಕು, ತಮ್ಮ.
ರೇಡಿಯೋ ಕೆರೆಯುತ್ತದೆ: ಎತ್ತರ?
ಒಂಬೈನೂರು.
ಹಸಿವು?
ನೆನಪಿಸಬೇಡ.
ರಸ್ತೆಯಲ್ಲಿ ಸತ್ತವರಿಗೆ ಇಲ್ಲಿ ಪುಟ್ಟ ಗುಡಿ ಕಟ್ಟುತ್ತಾರೆ,
ಪ್ಲಾಸ್ಟಿಕ್ ಹೂವು, ಗಾಡಿಯ ನಂಬರು ಫಲಕ,
ಬಾಯಾರಬಾರದೆಂದು ನೀರಿನ ಬಾಟಲಿ.
ಮೇಲಿನಿಂದ ಬಾಟಲಿಗಳಷ್ಟೇ ಕಾಣುತ್ತವೆ, ಫಳಕ್ಕೆಂದು.
ನಮ್ಮಪ್ಪನದು ಎಡತಿರುವಿನಲ್ಲಿ.
ತಮ್ಮ ಅಲ್ಲಿ ಹಾರ್ನ್ ಒತ್ತುತ್ತಾನೆ, ಒತ್ತಿರುತ್ತಾನೆ,
ನನಗೆ ಕೇಳುವುದಿಲ್ಲ.
ಟ್ರಕ್ಕು ತುಸು ನಿಧಾನವಾಗುವುದು ಕಾಣುತ್ತದೆ.
ನಾನೊಂದು ರೆಕ್ಕೆ ತಗ್ಗಿಸುತ್ತೇನೆ.

ಮೂರು ಗಂಟೆಗೆ ಉಚ್ಚೆ ಬಂತು.
ಹಾರುವುದರ ಬಗ್ಗೆ ಬರೆಯುವವರು ಇದನ್ನು ಬರೆಯುವುದಿಲ್ಲ.
ಬೆರಳು ಮರಗಟ್ಟಿದ್ದವು, ಕತ್ತು ಕಲ್ಲಾಗಿತ್ತು,
ತುಟಿಯ ಮೇಲೆ ಉಪ್ಪು.
ನನ್ನ ನೆರಳು ಮಾತ್ರ ಗೋಡೆಯುದ್ದಕ್ಕೂ
ಒಂದು ದಣಿವಿಲ್ಲದೆ, ಒಂದು ಗೀರಿಲ್ಲದೆ
ಬಂಡೆಯಿಂದ ಬಂಡೆಗೆ ಜಾರುತ್ತಿತ್ತು.

ಆಮೇಲೆ ಲೋವಾ.
ಇಡೀ ಮರುಭೂಮಿಯನ್ನು ದಾಟಿ ಬರುವಷ್ಟರಲ್ಲಿ
ಆ ನದಿ ಬರೀ ಒಂದು ತೋಡು. ಆದರೂ
ಗೋಡೆಯನ್ನು ಸೀಳಿದೆ.
ಗೋಡೆಯಿಲ್ಲದ ಕಡೆ
ಗಾಳಿಗೆ ಏಳುವ ಅಗತ್ಯವಿಲ್ಲ.
ದಾಟಲು ಸಾವಿರ ಮೀಟರು ಬೇಕಿತ್ತು,
ನನ್ನಲ್ಲಿದ್ದದ್ದು ಆರುನೂರ ಮೂವತ್ತು.
ಸುತ್ತಿದೆ, ಮತ್ತೆ ಸುತ್ತಿದೆ,
ಸಾಲ ಕೇಳಲು ಹೋದವನಂತೆ ಅದೇ ಮೂಲೆಗೆ ಮರಳಿದೆ.
ಮುದಿಬೆಕ್ಕು ಅಳತೊಡಗಿತು.
ತೊಕೊಪಿಯಾದ ಚಿಮಣಿಗಳು ಆಚೆಗೇ ಉಳಿದವು.

ಇಳಿದದ್ದು ಒಬ್ಬಾಕೆಯ ಕಡಲಪಾಚಿಯ ಮೇಲೆ.
ಒಣಗಲು ಹಾಸಿದ್ದಳು, ಕರೀ ಸಾಲು ಸಾಲು.
ಎಂಟು ತಾಸು ನೆಲ ಮರೆತ ಕಾಲು ಕುಸಿದು
ಮಂಡಿಯೂರಿದೆ.
‘ಪ್ರಾರ್ಥನೆ ಆಮೇಲೆ, ಮೊದಲು ಏಳು,’ ಅಂದಳು ದೊಮಿತಿಲಾ,
‘ಎರಡು ದಿನದ ಕೂಲಿ ಅದು.’
ಎದ್ದೆ. ತಪ್ಪಾಯಿತೆಂದೆ.
ತಪ್ಪಿಗೆ ಆಕೆ ಕೋಲು ಕೊಟ್ಟಳು:
‘ಮಗುಚು. ಅಡಿ ಇನ್ನೂ ಹಸಿ.’

ತಮ್ಮ ಬರುವವರೆಗೆ ಮಗುಚಿದೆವು.
ನನ್ನ ರೆಕ್ಕೆ ಪಕ್ಕದಲ್ಲೇ ಮೂಗು ಊರಿ ಬಿದ್ದಿತ್ತು.
‘ಅಷ್ಟೆತ್ತರದಿಂದ ಇದು ಹೇಗೆ ಕಾಣುತ್ತೆ?’
‘ಯಾರೋ ಬರೆದ ಹಾಗೆ. ಉದ್ದಕ್ಕೂ, ತೀರದ ತುಂಬ.’
ಆಕೆ ಸೊಂಟ ನೆಟ್ಟಗೆ ಮಾಡಿ
ತನ್ನ ಸಾಲುಗಳ ಕಡೆ ಒಂದು ಸಲ ನೋಡಿದಳು.
‘ನನಗೆ ಓದಲು ಬರುವುದಿಲ್ಲ,’ ಅಂದಳು,
‘ಆ ತುದಿಯದು ಬಿಟ್ಟಿದ್ದೀಯ.’